ಅಲ್ಪಾಕಾ ಕುರಿಯಲ್ಲ

ಮಾನ್ಯ ಸಂಪಾದಕರೇ,

ಅಲ್ಪಾಕಾದ ಮುದ್ದು ಮುಖ ಈಗ ದಿನಕ್ಕೊಮ್ಮೆಯಾದರೂ ಮೊಬೈಲಿನಲ್ಲಿ ಎದುರಾಗುತ್ತದೆ. ಅದರ ಬೆನ್ನಿಗೇ ಎರಡು ಮಾತು ಬರುತ್ತವೆ. ಒಂದು, ‘ಕುರಿಯ ಹಾಗೆಯೇ, ಸಾಕುವುದು ಸುಲಭ’. ಇನ್ನೊಂದು, ‘ಉಣ್ಣೆಗೆ ಚಿನ್ನದ ಬೆಲೆ’. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕದಲ್ಲಿ ಊರ ಹೊರಗೆ ನಾಲ್ಕೆಂಟು ಎಕರೆ ಕೊಂಡ ಕನ್ನಡಿಗರೂ ಇಲ್ಲೇ ಕುರಿ ಸಾಕಣೆಗೆ ಬದಲಿ ಹುಡುಕುವ ಹುಡುಗರೂ ಇವೆರಡನ್ನೂ ನಂಬಿಬಿಡುತ್ತಾರೆ. ಎರಡನೆಯ ಮಾತು ಕಿಸೆ ಖಾಲಿ ಮಾಡುತ್ತದೆ. ಮೊದಲನೆಯದು ಪ್ರಾಣಿಯನ್ನೇ ಕೊಲ್ಲುತ್ತದೆ. ಕುರಿಯ ಲೆಕ್ಕಕ್ಕೆ ಅಲ್ಪಾಕಾ ಎಲ್ಲೆಲ್ಲಿ ಸಿಗುವುದಿಲ್ಲ ಎಂಬುದನ್ನು ಪಶುವೈದ್ಯಕ್ಕೆ ಸೇರಿದ ನಾವು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ಸಹಿಸಿಕೊಳ್ಳಿ.

ಅಲ್ಪಾಕಾ ಒಂಟೆಯ ಬಳಗದ್ದು. ದಕ್ಷಿಣ ಅಮೆರಿಕದಲ್ಲಿ ಈ ಬಳಗದ ನಾಲ್ಕು ಪ್ರಾಣಿಗಳಿವೆ: ಗ್ವಾನಾಕೊ ಮತ್ತು ವಿಕುನ್ಯಾ ಕಾಡಿನವು, ಲಾಮಾ ಮತ್ತು ಅಲ್ಪಾಕಾ ಸಾಕಿದವು. ಗ್ವಾನಾಕೊ ಪಳಗಿ ಲಾಮಾ ಆಯಿತು, ವಿಕುನ್ಯಾ ಪಳಗಿ ಅಲ್ಪಾಕಾ ಆಯಿತು ಎಂಬುದು 2001ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಿಂದ ಗಟ್ಟಿಯಾಯಿತು. ಪೆರುವಿನ ಹುನಿನ್ ಪ್ರಾಂತ್ಯದ ತೆಲರ್ಮಾಚಾಯ್ ಗುಹೆಯಲ್ಲಿ ಸಿಕ್ಕ ಎಲುಬುಗಳ ಪ್ರಕಾರ ಈ ಪಳಗಿಸುವಿಕೆಗೆ ಆರು ಸಾವಿರ ವರ್ಷ ದಾಟಿದೆ. ನಾಲ್ಕಕ್ಕೂ 74 ವರ್ಣತಂತುಗಳೇ ಇರುವುದರಿಂದ ಒಂದರೊಡನೊಂದು ಕೂಡಿ ಮರಿ ಹಾಕುತ್ತವೆ, ಆ ಮರಿಗಳೂ ಬಂಜೆಯಾಗುವುದಿಲ್ಲ. ಸ್ಪೇನಿನವರ ದಾಳಿಯ ನಂತರ ಅಲ್ಪಾಕಾದ ತುಪ್ಪಳ ಒರಟಾಗಿದ್ದರಲ್ಲಿ ಈ ಬೆರಕೆಯ ಪಾಲೂ ಇದೆ. ದಕ್ಷಿಣ ಪೆರುವಿನ ಎಲ್ ಯಾರಾಲ್‌ನಲ್ಲಿ ಸಿಕ್ಕಿದ, ಸುಮಾರು ಸಾವಿರ ವರ್ಷ ಹಿಂದೆ ಹೂಳಿದ್ದ ಅಲ್ಪಾಕಾಗಳ ಮೈಮೇಲಿನ ಎಳೆ ಇಂದಿನ ಬಹುಪಾಲು ಹಿಂಡುಗಳ ಎಳೆಗಿಂತ ನಯವಾಗಿಯೂ ಸಮವಾಗಿಯೂ ಇತ್ತು.

ಜಗತ್ತಿನ ಅಲ್ಪಾಕಾಗಳಲ್ಲಿ ಬಹುಪಾಲು ಇರುವುದು ಪೆರುವಿನಲ್ಲೇ. ಅಲ್ಲಿನ 2012ರ ಕೃಷಿ ಗಣತಿಯಲ್ಲಿ 36 ಲಕ್ಷಕ್ಕೂ ಹೆಚ್ಚು ಎಣಿಕೆಯಾದವು. ಪೂನೊ ಪ್ರಾಂತ್ಯದ ಪಾಲು ಎಲ್ಲಕ್ಕಿಂತ ದೊಡ್ಡದು. ಅವು ಮೇಯುವ ಜಾಗ ಸಮುದ್ರಮಟ್ಟದಿಂದ 3,800 ಮೀಟರಿನಿಂದ ಮೇಲಕ್ಕೆ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೆ ಆ ಹುಲ್ಲುಗಾವಲಿನ ಕೆಳ ಅಂಚು ಮುಟ್ಟುತ್ತದೆ. ಹಗಲು ಚರ್ಮ ಸುಡುವ ಬಿಸಿಲು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಒಣಗಾಳಿ, ಒರಟು ಹುಲ್ಲು, ನಡುನಡುವೆ ಬೊಫೆದಾಲ್ ಎಂದು ಅಲ್ಲಿಯವರು ಕರೆಯುವ ಜೌಗು. ಅಲ್ಪಾಕಾದ ಮೈಯೆಲ್ಲ ಇದಕ್ಕೆ ಒಗ್ಗಿ ಆದದ್ದು. ಕೆಳಗಿನ ನಾಡಿಗೆ ತಂದಾಗ ಬರುವ ತೊಂದರೆಗಳಲ್ಲಿ ಅರ್ಧಕ್ಕರ್ಧ ಈ ಒಂದು ಸಾಲಿನಿಂದಲೇ ಅರ್ಥವಾಗುತ್ತವೆ.

ದೊಡ್ಡ ಅಲ್ಪಾಕಾ ಭುಜದ ಹತ್ತಿರ 80ರಿಂದ 100 ಸೆಂ.ಮೀ. ಎತ್ತರ, 50ರಿಂದ 85 ಕಿಲೋ ತೂಕ ಇರುತ್ತದೆ. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬಾಳುತ್ತದೆ. ಕೊಳ್ಳುವವರು ಈ ಅಂಕಿಯ ಮೇಲೆ ಒಂದು ನಿಮಿಷ ನಿಲ್ಲಬೇಕು, ಏಕೆಂದರೆ ಇವತ್ತು ಕೊಂಡದ್ದು ಮಕ್ಕಳ ಮದುವೆಯ ತನಕ ಹಟ್ಟಿಯಲ್ಲಿರುತ್ತದೆ. ತಳಿ ಎರಡು. ಹುವಾಕಾಯಾದ ತುಪ್ಪಳ ಸುಕ್ಕುಸುಕ್ಕಾಗಿ ಮೈಗೆ ನೆಟ್ಟಗೆ ಎದ್ದು ನಿಂತಿರುತ್ತದೆ. ಹತ್ತರಲ್ಲಿ ಒಂಬತ್ತು ಇವೇ. ಸೂರಿಯ ತುಪ್ಪಳ ಹುರಿಗೊಂಡ ಎಳೆಗಳಾಗಿ ಜಡೆಯಂತೆ ಇಳಿಬೀಳುತ್ತದೆ, ಬೆನ್ನುಹುರಿಯ ಉದ್ದಕ್ಕೂ ಬೈತಲೆ ತೆಗೆದ ಹಾಗೆ ಕಾಣುತ್ತದೆ. ಆ ಬೈತಲೆಯಿಂದ ಮಳೆನೀರು ಚರ್ಮಕ್ಕೇ ಇಳಿಯುತ್ತದೆ, ಹಾಗಾಗಿ ಮಳೆಚಳಿಯನ್ನು ಸೂರಿ ಅಷ್ಟಾಗಿ ತಾಳುವುದಿಲ್ಲ.

ಹೊಟ್ಟೆಯ ವಿಷಯಕ್ಕೆ ಬಂದರೆ, ಕುರಿಗೆ ನಾಲ್ಕು ಕೋಣೆ, ಇದಕ್ಕೆ ಮೂರು. ಮೆಲುಕು ಹಾಕುತ್ತದೆ, ಆದರೆ ಬಡ ಹುಲ್ಲಿನಿಂದ ಕುರಿಗಿಂತ ಹೆಚ್ಚು ಸತ್ವ ಹಿಂಡಿಕೊಳ್ಳುತ್ತದೆ. ಆದ್ದರಿಂದ ಅಲ್ಪಾಕಾ ಸಾಕುವವರ ಮೊದಲ ತಪ್ಪು ಹಸಿವಿನಲ್ಲಿಡುವುದಲ್ಲ, ಅತಿಯಾಗಿ ತಿನ್ನಿಸುವುದು. ಒಂದು ದಿನಕ್ಕೆ ಬೇಕಾದ ಒಣಮೇವು ಮೈತೂಕದ ಶೇ. 1.5ರಿಂದ 2 ಅಷ್ಟೇ. 70 ಕಿಲೋದ ಪ್ರಾಣಿಗೆ ಒಂದು ಕಿಲೋದಿಂದ ಸುಮಾರು ಒಂದೂವರೆ ಕಿಲೋ ಒಳ್ಳೆಯ ಒಣಹುಲ್ಲು. ಸುಮ್ಮನೆ ಮೇಯ್ದುಕೊಂಡಿರುವ ಪ್ರಾಣಿಗೆ ಮೇವಿನಲ್ಲಿ ಶೇ. 8ರಿಂದ 10 ಪ್ರೋಟೀನ್ ಸಾಕು. ಗಬ್ಬದ ಕೊನೆಯ ಮೂರು ತಿಂಗಳು ಮತ್ತು ಹಾಲೂಡುವಾಗ 12ರಿಂದ 14 ಬೇಕು. ಕುದುರೆ ಮೆಂತ್ಯವನ್ನು ಹಾಲೂಡುವ ತಾಯಂದಿರಿಗೆ, ಬಡಕಲಾದವಕ್ಕೆ ಮಾತ್ರ ಇಡಿ. ಎಲ್ಲಕ್ಕೂ ಹಾಕಿದರೆ ಕೊಬ್ಬು ಏರಿ ಗಬ್ಬ ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ಮೊದಲು ಬೀಳುವುದೂ ಅವೇ. ಜೋಳ, ಗೋಧಿ ಅಂತ ಕಾಳು ಸುರಿದರೆ ಹೊಟ್ಟೆ ಹುಳಿಯಾಗಿ ಎರಡು ದಿನದಲ್ಲಿ ಪ್ರಾಣಕ್ಕೆ ಬರುತ್ತದೆ. ಗುಳಿಗೆ ಮೇವನ್ನು ಆತುರವಾಗಿ ನುಂಗಿ ಗಂಟಲು ಕಟ್ಟಿಕೊಳ್ಳುವುದೂ ಉಂಟು. ಬಕೆಟ್ಟಿನಲ್ಲಿ ಇಡದೆ ಉದ್ದನೆಯ ಗೋದಲಿಯಲ್ಲಿ ತೆಳ್ಳಗೆ ಹರಡಬೇಕು.

ಮೇವಿನಂಗಡಿಯಲ್ಲಿ ಚೀಲದ ಹಿಂದಿನ ಸಣ್ಣ ಅಕ್ಷರ ಓದುವುದು ಕಡ್ಡಾಯ. ಕೋಳಿಗೂ ದನಕ್ಕೂ ಕೊಡುವ ಕೆಲವು ಮೇವಿನಲ್ಲಿ ಮೊನೆನ್ಸಿನ್ ಅಥವಾ ಸಲಿನೊಮೈಸಿನ್ ಬೆರೆಸಿರುತ್ತಾರೆ. ಕೋಳಿಗೆ ಅದು ಔಷಧ. ಒಂಟೆ ಬಳಗಕ್ಕೆ ವಿಷ. ಹೃದಯದ ಮತ್ತು ಮೈಯ ಸ್ನಾಯುಗಳೇ ಸತ್ತು ಪ್ರಾಣಿ ಏಳದೆ ಮಲಗುತ್ತದೆ, ಆಮೇಲೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ತಾಮ್ರವೂ ಹಾಗೆಯೇ. ದನಕ್ಕೋ ಕುದುರೆಗೋ ಮಾಡಿದ ಖನಿಜ ಮಿಶ್ರಣದಲ್ಲಿರುವ ತಾಮ್ರ ಅಲ್ಪಾಕಾದ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಸೇರುತ್ತಾ ಹೋಗಿ ಒಂದು ದಿನ ಏಕಾಏಕಿ ಕೊಲ್ಲುತ್ತದೆ. ನೆಕ್ಕುವ ಉಪ್ಪಿನ ಗಟ್ಟಿ ಕಟ್ಟುವುದೂ ವ್ಯರ್ಥ. ಅಲ್ಪಾಕಾದ ನಾಲಿಗೆ ಬಾಯಿಂದ ಹೊರಕ್ಕೆ ಚಾಚುವುದೇ ಇಲ್ಲವೆನ್ನುವಷ್ಟು ಕಡಿಮೆ, ನೆಕ್ಕಿ ಬೇಕಾದಷ್ಟು ತೆಗೆದುಕೊಳ್ಳಲು ಅದಕ್ಕೆ ಆಗದು. ಖನಿಜವನ್ನು ಪುಡಿಯಾಗಿಯೇ ಇಡಬೇಕು.

ಬೇಲಿಯ ಬಳಿಯ ಅಲಂಕಾರದ ಗಿಡವನ್ನೂ ಒಮ್ಮೆ ನೋಡಿ. ನಮ್ಮ ಅಂಗಳದ ಕಣಗಿಲೆಯೇ ಇದರ ಶತ್ರು. ಬೆರಳೆಣಿಕೆಯ ಎಲೆ, ಅದೂ ಒಣಗಿದ್ದು ಮೇವಿನಲ್ಲಿ ಬೆರೆತರೂ ಹೃದಯ ನಿಲ್ಲಿಸುತ್ತದೆ. ಹೆದ್ದಾರಿಯ ನಡುವೆಲ್ಲ ಕಣಗಿಲೆ ಬೆಳೆಸಿರುವ ಕ್ಯಾಲಿಫೋರ್ನಿಯಾದಲ್ಲಿ ಸಾಕುವವರು ಇದನ್ನು ಕಲಿತದ್ದು ಕಷ್ಟದಿಂದಲೇ. ತಂಪು ನಾಡಿನಲ್ಲಿ ರೋಡೊಡೆಂಡ್ರಾನ್ ಮತ್ತು ಯೂ ಗಿಡಗಳದ್ದು ಇದೇ ಕಥೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲೂ ನ್ಯೂಜಿಲೆಂಡಿನಲ್ಲೂ ಇರುವವರು ಬಹುವಾರ್ಷಿಕ ರೈಗ್ರಾಸ್ ಹುಲ್ಲಿನ ಬಗ್ಗೆ ತಿಳಿದಿರಬೇಕು. ಆ ಹುಲ್ಲಿನೊಳಗೇ ವಾಸಿಸುವ ಶಿಲೀಂಧ್ರದ ವಿಷದಿಂದ ಬೇಸಿಗೆಯ ಕೊನೆಗೆ ತಲೆ ನಡುಕ, ಕಾಲು ತೊಡರುವಿಕೆ ಶುರುವಾಗುತ್ತದೆ. ಕುರಿ ಅದೇ ಗದ್ದೆಯಲ್ಲಿ ನೆಟ್ಟಗೆ ನಿಂತಿರುವಾಗಲೂ ಅಲ್ಪಾಕಾ ನಡುಗುತ್ತದೆ. ಹುಲ್ಲನ್ನು ಬುಡದ ತನಕ ಮೇಯಲು ಬಿಡಬಾರದು, ವಿಷ ಹೆಚ್ಚಿರುವುದು ಬುಡದಲ್ಲಿ.

ಒಂಟಿ ಅಲ್ಪಾಕಾ ಸಾಕಬಾರದು. ಎರಡು ಕನಿಷ್ಠ, ಮೂರು ವಾಸಿ. ಒಂಟಿಯಾದದ್ದು ಮೇವು ಬಿಟ್ಟು ಬೇಲಿಯುದ್ದಕ್ಕೂ ಅಲೆಯುತ್ತದೆ. ಮೂರರಲ್ಲಿ ಒಂದು ಸತ್ತರೂ ಉಳಿದವಕ್ಕೆ ಜೊತೆ ಇರುತ್ತದೆ. ಇಂಗ್ಲೆಂಡಿನಂಥ ಹಸಿ ಹುಲ್ಲಿನ ನಾಡಿನಲ್ಲಿ ಎಕರೆಗೆ ಐದರ ಲೆಕ್ಕ ಹಿಡಿಯುತ್ತಾರೆ; ಒಣ ಸೀಮೆಯಲ್ಲಿ ಅಷ್ಟು ಸಾಗದು. ಪಾದದಡಿ ಗೊರಸಿಲ್ಲ, ಮೆತ್ತನೆಯ ಚರ್ಮದ ಅಟ್ಟೆ ಮತ್ತು ಎರಡು ಉಗುರು, ಹಾಗಾಗಿ ನೆಲ ಕೆದರುವುದಿಲ್ಲ. ಬೇಲಿ ನಾಲ್ಕಡಿ ಸಾಕು, ಹಾರುವ ಚಾಳಿ ಇಲ್ಲ. ಆದರೆ ಮುಳ್ಳುತಂತಿ ಬೇಡ. ತುಪ್ಪಳ ಸಿಕ್ಕಿಕೊಂಡು ಎಳೆದಾಡಿ ಚರ್ಮ ಹರಿಯುತ್ತದೆ. ಕಣ್ಣು ದೊಡ್ಡದಿರುವ ಜಾಲರಿಯಲ್ಲಿ ಮರಿ ತಲೆ ತೂರಿಸಿ ಸಿಕ್ಕಿಬೀಳುತ್ತದೆ. ನಿಜಕ್ಕೂ ಬೇಲಿ ಇರುವುದು ಅಲ್ಪಾಕಾ ಹೊರಹೋಗದಿರಲಿ ಎಂದಲ್ಲ, ನಾಯಿ ಒಳಬರದಿರಲಿ ಎಂದು. ಆಸ್ಟ್ರೇಲಿಯಾದಲ್ಲಿ ಕುರಿಮರಿಗಳನ್ನು ನರಿಯಿಂದ ಕಾಯಲು ಹಿಡ ಮಾಡಿದ ಗಂಡು ಅಲ್ಪಾಕಾ ಬಿಡುವುದು ನಿಜ. ಅದನ್ನು ಓದಿದವರು ಕೊಪ್ಪಳ ಕಡೆಯ ತೋಳದ ಎದುರು ಅದನ್ನು ನಿಲ್ಲಿಸಬಹುದೆಂದು ತಿಳಿಯಬಾರದು. ನರಿ ಐದಾರು ಕಿಲೋದ ಪ್ರಾಣಿ. ತೋಳಕ್ಕೆ, ಬೀದಿನಾಯಿಗಳ ಗುಂಪಿಗೆ ಅಲ್ಪಾಕಾ ಕಾವಲುಗಾರನಲ್ಲ, ಊಟ.

ಹಿಂಡಿನಲ್ಲಿ ಎಲ್ಲವೂ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತವೆ. ಗುಡಿಸುವವರಿಗೆ ಇದೊಂದು ವರ. ವಾರಕ್ಕೆ ಎರಡು ಬಾರಿ ಆ ಗುಡ್ಡೆ ಎತ್ತಿದರೆ ಜಂತುಹುಳುವಿನ ಕಾಟ ಎಷ್ಟೋ ತಗ್ಗುತ್ತದೆ. ಹಿಕ್ಕೆಯನ್ನು ಹಾಗೆಯೇ ಗಿಡದ ಬುಡಕ್ಕೆ ಹಾಕಬಹುದು, ಸುಡುವ ಗೊಬ್ಬರವಲ್ಲ. ಮರವೇ ಬೆಳೆಯದ ಆಂಡಿಸ್ ಎತ್ತರದಲ್ಲಿ ಅದನ್ನು ಒಣಗಿಸಿ ತಾಕಿಯಾ ಎಂಬ ಹೆಸರಿನಲ್ಲಿ ಒಲೆಗೆ ಹಾಕುತ್ತಾರೆ, ನಮ್ಮ ಬೆರಣಿಯ ಹಾಗೆ.

ಜಂತುಹುಳುವಿನ ಮಾತು ಬಂದದ್ದರಿಂದ ಹೇಳಬೇಕು: ಬೆಚ್ಚಗೆ ತೇವವಿರುವ ನಾಡುಗಳಲ್ಲಿ ಅಲ್ಪಾಕಾವನ್ನು ಕೊಲ್ಲುವವುಗಳಲ್ಲಿ ಮೊದಲ ಹೆಸರು ಹೀಮಾಂಕಸ್, ಕುರಿಗಾರರಿಗೆ ಗೊತ್ತಿರುವ ಅದೇ ರಕ್ತ ಹೀರುವ ಹುಳು. ಮೈತುಂಬ ತುಪ್ಪಳವಿರುವುದರಿಂದ ಪ್ರಾಣಿ ಸೊರಗುವುದು ಕಣ್ಣಿಗೆ ಬೀಳುವುದಿಲ್ಲ. ಕೆಳರೆಪ್ಪೆ ಇಳಿಸಿ ಒಳಗಿನ ಬಣ್ಣ ನೋಡಿ. ಕೆಂಪಿದ್ದರೆ ಸರಿ, ಬಿಳಿಚಿದ್ದರೆ ರಕ್ತ ಹೋಗಿದೆ. ಇದನ್ನೇ ಐದು ಬಣ್ಣದ ಫಮಾಚಾ ಪಟ್ಟಿಯೊಂದಿಗೆ ಹೋಲಿಸುವ ಕ್ರಮವಿದೆ, ಎರಡು ವಾರಕ್ಕೊಮ್ಮೆ ಮಾಡಿದರೆ ಒಳ್ಳೆಯದು. ಜೊತೆಗೆ ತಿಂಗಳಿಗೊಮ್ಮೆ ತಕ್ಕಡಿಗೆ ಹತ್ತಿಸಿ, ಭುಜದ ಹಿಂದೆ ಬೆನ್ನೆಲುಬಿನ ಎರಡೂ ಬದಿ ಕೈಯಿಟ್ಟು ನೋಡಿ. ಮಾಂಸ ಎಲುಬಿನಿಂದ ಎರಡೂ ಕಡೆಗೆ ನೇರವಾಗಿ ಇಳಿಜಾರಾಗಿದ್ದರೆ ಸರಿ, ಒಳಕ್ಕೆ ಗುಳಿ ಬಿದ್ದಿದ್ದರೆ ಬಡಕಲು, ಉಬ್ಬಿದ್ದರೆ ಕೊಬ್ಬು. ಎಲ್ಲಕ್ಕೂ ತಿಂಗಳಿಗೊಮ್ಮೆ ಔಷಧ ಕುಡಿಸುವುದು ಬೇಡ. ಹಿಕ್ಕೆಯಲ್ಲಿ ಮೊಟ್ಟೆ ಎಣಿಸಿ, ಬೇಕಾದವಕ್ಕೆ ಕೊಡಿ. ಅಮೆರಿಕದ ಪೂರ್ವಭಾಗದಲ್ಲಿ ಬಿಳಿಬಾಲದ ಜಿಂಕೆಯಿಂದ ಬಸವನಹುಳುವಿಗೆ, ಅಲ್ಲಿಂದ ಅಲ್ಪಾಕಾಗೆ ದಾಟಿ ಬೆನ್ನುಹುರಿ ಕೊರೆಯುವ ಹುಳು ಒಂದಿದೆ. ಅದರ ಭಯಕ್ಕೆ ತಿಂಗಳು ತಿಂಗಳೂ ಐವರ್ಮೆಕ್ಟಿನ್ ಚುಚ್ಚುತ್ತಾ ಹೋದ ಹಟ್ಟಿಗಳಲ್ಲಿ ಹೀಮಾಂಕಸ್ ಆ ಔಷಧಕ್ಕೆ ಬಗ್ಗದಂತಾಗಿದೆ. ಒಂದರಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದಕ್ಕೆ ಬಾಗಿಲು ತೆರೆದ ಹಾಗೆ. ಇನ್ನು ಕುರಿಯ ಪ್ರಮಾಣವನ್ನೇ ಅಲ್ಪಾಕಾಗೆ ಹಾಕಬೇಡಿ. ಬಹಳಷ್ಟು ಜಂತುಔಷಧಗಳನ್ನು ಇದರ ಮೈ ಬೇಗ ಹೊರಹಾಕುತ್ತದೆ, ಹಾಗಾಗಿ ಒಂದೂವರೆ, ಎರಡು ಪಟ್ಟು ಕೊಡಬೇಕಾಗುತ್ತದೆ. ಯಾವುದಕ್ಕೆ ಎಷ್ಟು ಎಂಬುದನ್ನು ಒಂಟೆ ಬಳಗವನ್ನು ಬಲ್ಲ ವೈದ್ಯರೇ ಹೇಳಬೇಕು. ಕರುಳು ಬೇನೆ ಮತ್ತು ಧನುರ್ವಾಯುವಿನ ಲಸಿಕೆಯನ್ನು ಮಾತ್ರ ಕುರಿಯಂತೆಯೇ ವರ್ಷ ವರ್ಷ ಹಾಕಿಸಬೇಕು. ಪೆರುವಿನಲ್ಲಿ ಎಳೆ ಮರಿಗಳು ಸಾಯುವ ದೊಡ್ಡ ಕಾರಣಗಳಲ್ಲಿ ಈ ಕರುಳು ಬೇನೆಯೂ ಒಂದು.

ಹೊಸದನ್ನು ತಂದರೆ ಮೂರು ನಾಲ್ಕು ವಾರ ಬೇರೆ ಕಟ್ಟಿ. ಕಜ್ಜಿ, ಹುಳು, ದನಕ್ಕೆ ಭೇದಿ ತರುವ ಬಿವಿಡಿ ವೈರಸ್ಸು ಎಲ್ಲ ಒಳಬರುವುದು ಹೊಸ ಪ್ರಾಣಿಯ ಮೈಯಲ್ಲೇ. ಬ್ರಿಟನ್ನಿನಲ್ಲಾದರೆ ಕ್ಷಯವನ್ನೂ ನೆನಪಿಡಿ. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ದನದಲ್ಲಿ ಹಿಡಿಯುವಷ್ಟು ಚೆನ್ನಾಗಿ ಅಲ್ಪಾಕಾದಲ್ಲಿ ಹಿಡಿಯುವುದಿಲ್ಲ, ರಕ್ತಪರೀಕ್ಷೆಯೂ ಬೇಕು.

ಡಿ ವಿಟಮಿನ್ನಿನ ಕಥೆ ಆಂಡಿಸ್ ಎತ್ತರದಿಂದಲೇ ಬರುತ್ತದೆ. ಅಲ್ಲಿ ನೇರಳಾತೀತ ಕಿರಣ ಎಷ್ಟು ತೀಕ್ಷ್ಣವೆಂದರೆ ದಟ್ಟ ತುಪ್ಪಳದ ನಡುವೆಯೂ ಮೂತಿ, ಕಿವಿಯ ಮೇಲೆ ಬಿದ್ದ ಬಿಸಿಲೇ ಸಾಕಾಗುತ್ತದೆ. ಇಂಗ್ಲೆಂಡ್, ಟ್ಯಾಸ್ಮೇನಿಯಾ, ಕೆನಡಾದ ಚಳಿಗಾಲದ ಮಂಕು ಬಿಸಿಲಿನಲ್ಲಿ ಆಗುವುದಿಲ್ಲ. ಶರತ್ಕಾಲದಲ್ಲಿ ಹುಟ್ಟಿದ ಕಪ್ಪು ಬಣ್ಣದ ಮರಿಗಳಿಗೆ ಮೊದಲು ಪೆಟ್ಟು. ಬೆನ್ನು ಗೂನಾಗುತ್ತದೆ, ಮುಂಗಾಲು ಒಳಬಾಗುತ್ತವೆ, ಮರಿ ನಡೆಯಲು ಒಲ್ಲದೆ ಮಲಗಿಯೇ ಇರುತ್ತದೆ. ಕಾಲಿಗೆ ಪೆಟ್ಟಾಗಿದೆ ಎಂದುಕೊಂಡು ಎಣ್ಣೆ ತಿಕ್ಕುತ್ತಾ ಕೂರುವವರಿದ್ದಾರೆ. ಚಳಿಗಾಲ ಪೂರ್ತಿ ಎರಡು ತಿಂಗಳಿಗೊಮ್ಮೆ ಕಿಲೋ ಮೈತೂಕಕ್ಕೆ ಸುಮಾರು 1000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಲೆಕ್ಕದಲ್ಲಿ ಡಿ-3 ಚುಚ್ಚುಮದ್ದು ಚರ್ಮದಡಿಗೆ ಕೊಡುವುದು ರೂಢಿ. ‘ಇನ್ನಷ್ಟು ಕೊಟ್ಟರೆ ಇನ್ನಷ್ಟು ಒಳ್ಳೆಯದು’ ಎಂಬುದು ಇಲ್ಲಿ ನಡೆಯದು. ಹೆಚ್ಚಾದರೆ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುತ್ತದೆ. ಕರ್ನಾಟಕದ ಬಿಸಿಲಿಗೆ ಈ ಚಿಂತೆ ಇಲ್ಲ, ಇಲ್ಲಿನ ಚಿಂತೆಯೇ ಬೇರೆ. ಅದಕ್ಕೆ ಆಮೇಲೆ ಬರುತ್ತೇವೆ.

ಮರಿ ಮಾಡಿಸುವುದರಲ್ಲಿ ಅಲ್ಪಾಕಾ ಕುರಿಯಿಂದ ಪೂರ್ತಿ ದೂರ. ಹೆಣ್ಣಿಗೆ ಬೆದೆಯ ಕಾಲವೆಂಬುದೇ ಇಲ್ಲ. ಗಂಡು ಸೇರಿದ ಮೇಲೆಯೇ, ಅದರ ವೀರ್ಯದಲ್ಲಿರುವ ಒಂದು ಪ್ರೋಟೀನಿನ ಪ್ರಚೋದನೆಯಿಂದ, ಒಂದು ದಿನ ದಾಟಿದ ಮೇಲೆ ಅಂಡ ಬಿಡುಗಡೆಯಾಗುತ್ತದೆ. ಹೆಣ್ಣು ಎದೆಯೂರಿ ಕೂರುತ್ತದೆ, ಗಂಡು ಗಂಟಲಲ್ಲಿ ಗುರುಗುಟ್ಟುತ್ತಾ ಹತ್ತು ನಿಮಿಷದಿಂದ ಮುಕ್ಕಾಲು ಗಂಟೆಯವರೆಗೆ ಸೇರಿರುತ್ತದೆ. ಗಬ್ಬ ನಿಂತಿದೆಯೇ ಎಂದು ನೋಡಲು ಸ್ಕ್ಯಾನಿಗಿಂತ ಮೊದಲಿನ ಉಪಾಯ, ಎರಡು ವಾರ ಬಿಟ್ಟು ಅದೇ ಗಂಡನ್ನು ಎದುರಿಗೆ ತರುವುದು. ಗಬ್ಬವಾಗಿದ್ದರೆ ಹೆಣ್ಣು ಕಿವಿ ಹಿಂದಕ್ಕೆ ಹಾಕಿ ಉಗಿದು, ಒದ್ದು ಓಡಿಸುತ್ತದೆ, ಇಲ್ಲವಾದರೆ ಕೂರುತ್ತದೆ. ಆ ಉಗುಳು ಬರುವುದು ಹೊಟ್ಟೆಯಿಂದ, ಹಸಿರು ಬಣ್ಣ, ವಾಸನೆ ತಡೆಯಲಾಗದು. ಬಟ್ಟೆ ಬದಲಿಸಲು ಸಿದ್ಧರಾಗಿ ಹೋಗಿ.

ಗಬ್ಬ ಹನ್ನೊಂದು ತಿಂಗಳು ದಾಟುತ್ತದೆ, ಹನ್ನೆರಡಾದರೂ ಗಾಬರಿ ಬೇಡ. ಮರಿ ಒಂದೇ. ಅವಳಿ ಉಳಿಯುವುದು ಬಲು ಅಪರೂಪ. ಹೆರಿಗೆ ಬಹುತೇಕ ಬೆಳಗಿನಿಂದ ಮಧ್ಯಾಹ್ನದೊಳಗೆ ಆಗಿಬಿಡುತ್ತದೆ. ಎತ್ತರದ ಊರಿನಲ್ಲಿ ಸಂಜೆ ಹುಟ್ಟಿದ ಮರಿ ರಾತ್ರಿಯ ಹೆಪ್ಪಿಗೆ ಉಳಿಯುವುದಿಲ್ಲವಲ್ಲ, ಆ ಕಾಲದ ಅಭ್ಯಾಸ ಇದು. ಆದ್ದರಿಂದ ರಾತ್ರಿ ಹತ್ತಕ್ಕೆ ಹೆಣ್ಣು ನರಳುತ್ತಿದ್ದರೆ ಏನೋ ಅಡ್ಡಿಯಿದೆ ಎಂದೇ ತಿಳಿದು ವೈದ್ಯರನ್ನು ಕರೆಯಿರಿ. ತಲೆ ಮತ್ತು ಮುಂಗಾಲು ಕಂಡ ಅರ್ಧ ಗಂಟೆಯಲ್ಲಿ ಮರಿ ನೆಲಕ್ಕೆ ಬರಬೇಕು, ಆರು ಗಂಟೆಯೊಳಗೆ ಮಾಸು ಬೀಳಬೇಕು.

ತಾಯಿ ಮರಿಯನ್ನು ನೆಕ್ಕುವುದಿಲ್ಲ. ಕುರಿ, ಆಕಳು ನೋಡಿದವರಿಗೆ ಇದು ವಿಚಿತ್ರ, ‘ತಾಯಿಗೆ ಮರಿ ಬೇಡವಾಗಿದೆ’ ಎಂದು ಬೇರೆ ಮಾಡಿಬಿಡುತ್ತಾರೆ. ಹಾಗಲ್ಲ, ಉಪ್ಪಿನ ಗಟ್ಟಿಯ ವಿಷಯದಲ್ಲಿ ಹೇಳಿದೆವಲ್ಲ, ಆ ನಾಲಿಗೆ ಚಾಚುವುದೇ ಇಲ್ಲ. ತಾಯಿ ಮೂಗಿನಿಂದ ಮೂಸಿ, ಮೆಲ್ಲಗೆ ಗುನುಗುತ್ತದೆ, ಅಷ್ಟೇ ಅದರ ಮುದ್ದು. ಆಂಡಿಸ್‌ನಲ್ಲಿ ಮರಿಯನ್ನು ಒಣಗಿಸುವುದು ಬಿಸಿಲು ಮತ್ತು ಒಣಗಾಳಿ. ಅವೆರಡೂ ಇಲ್ಲದ ಕಡೆ ಟವೆಲ್ಲಿನಿಂದ ನೀವೇ ಒರೆಸಬೇಕು. ಹೊಕ್ಕುಳಿಗೆ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಮುಟ್ಟಿಸಿ, ತೂಕ ನೋಡಿ. ಆರರಿಂದ ಎಂಟು ಕಿಲೋ ಇದ್ದರೆ ಒಳ್ಳೆಯದು. ಐದೂವರೆಗಿಂತ ಕಡಿಮೆ ತೂಕ, ಜೋಲುಬಿದ್ದ ಕಿವಿತುದಿ, ಒಸಡಿನೊಳಗೇ ಇರುವ ಹಲ್ಲು ಕಂಡರೆ ದಿನ ತುಂಬದ ಮರಿ. ಎರಡು ಗಂಟೆಯಲ್ಲಿ ನಿಲ್ಲಬೇಕು, ನಾಲ್ಕರೊಳಗೆ ಮೊಲೆ ಹಿಡಿಯಬೇಕು. ಮೊದಲ ದಿನ ಮೈತೂಕದ ಹತ್ತನೇ ಒಂದು ಪಾಲಿನಷ್ಟು ಗಿಣ್ಣುಹಾಲು ಹೊಟ್ಟೆಗೆ ಹೋಗಲೇಬೇಕು, ತಾಯಿಯ ರೋಗನಿರೋಧಕ ಶಕ್ತಿ ದಾಟುವುದು ಅದರಲ್ಲಿ ಮಾತ್ರ. ಮೊದಲ ದಿನ ಸ್ವಲ್ಪ ತೂಕ ಇಳಿದರೂ ಆಮೇಲೆ ದಿನಕ್ಕೆ ಕಾಲು ಕಿಲೋದ ಆಸುಪಾಸು ಏರಬೇಕು. ಎರಡು ದಿನ ಏರದಿದ್ದರೆ ತಾಯಿಯ ಕೆಚ್ಚಲು ನೋಡಿ.

ಗಂಡು ಮರಿಗೆ ಬಾಟಲಿ ಹಾಲು ಕುಡಿಸಬೇಕಾಗಿ ಬಂದರೆ ಕುಡಿಸಿ ಹಿಂಡಿಗೆ ಬಿಟ್ಟುಬಿಡಿ. ಮನೆಯೊಳಗೆ ತಂದು ಮಕ್ಕಳ ಜೊತೆ ಆಡಿಸಿದರೆ ಅದು ಮನುಷ್ಯರನ್ನು ತನ್ನ ಜಾತಿಯೆಂದೇ ತಿಳಿಯುತ್ತದೆ. ಪ್ರಾಯಕ್ಕೆ ಬಂದಾಗ ಪ್ರತಿಸ್ಪರ್ಧಿ ಗಂಡಿನ ಮೇಲೆ ಎರಗುವಂತೆಯೇ ನಿಮ್ಮ ಮೇಲೆ ಎದೆಯೊಡ್ಡಿ ಎರಗಿ ಕಚ್ಚುತ್ತದೆ. ಹಿಡ ಮಾಡಿಸಿದರೂ ಆ ಬುದ್ಧಿ ಹೋಗುವುದು ಕಷ್ಟ. ಹಿಡ ಮಾಡಿಸುವುದಾದರೆ ಒಂದೂವರೆ ವರ್ಷಕ್ಕೆ ಮೊದಲು ಬೇಡ. ಬೇಗ ಮಾಡಿದರೆ ಕಾಲೆಲುಬು ಬೆಳೆಯುವುದು ನಿಲ್ಲದೆ ಪ್ರಾಣಿ ಕಾಲುದ್ದವಾಗಿ ಮಂಡಿ ಕೆಡುತ್ತದೆ. ಗಂಡಿಗೆ ಎರಡು ಮೂರು ವರ್ಷಕ್ಕೆ ಆರು ಕೋರೆಹಲ್ಲು ಬರುತ್ತವೆ, ಒಳಬಾಗಿದ ಕೊಕ್ಕೆಯಂಥವು. ಇನ್ನೊಂದು ಗಂಡಿನ ಬೀಜ ಹರಿಯಲು ಇರುವ ಆಯುಧ. ಅವನ್ನು ಒಸಡಿನ ಮಟ್ಟಕ್ಕೆ ಗರಗಸದ ತಂತಿಯಿಂದ ಕೊಯ್ಸಬೇಕು. ಉಗುರನ್ನು ಎರಡು ಮೂರು ತಿಂಗಳಿಗೊಮ್ಮೆ ಕತ್ತರಿಸಬೇಕು. ಕಲ್ಲುನೆಲದ ಆಂಡಿಸ್‌ನಲ್ಲಿ ತಾನೇ ಸವೆಯುತ್ತಿತ್ತು, ಹುಲ್ಲುನೆಲದಲ್ಲಿ ಸವೆಯದು.

ಉಣ್ಣೆಯ ವಿಷಯ. ವರ್ಷಕ್ಕೊಮ್ಮೆ ಬೇಸಿಗೆಗೆ ಮುನ್ನ ಕತ್ತರಿಸುತ್ತಾರೆ. ನಮ್ಮ ಡೆಕ್ಕನಿ ಕುರಿಯಂತೆ ಎರಡು ಬಾರಿಯಲ್ಲ. ತುಪ್ಪಳ ಒಣಗಿರಬೇಕು. ಚಾಪೆಯ ಮೇಲೆ ಮಲಗಿಸಿ ಮುಂದಿನ, ಹಿಂದಿನ ಕಾಲುಗಳನ್ನು ಹಗ್ಗದಿಂದ ಎರಡು ಕಡೆಗೆ ಎಳೆದು ಒಬ್ಬರು ತಲೆ ಹಿಡಿಯುತ್ತಾರೆ. ಬಿಳಿಯದರಿಂದ ಶುರುಮಾಡಿ ಕಪ್ಪನ್ನು ಕೊನೆಗೆ ಇಟ್ಟುಕೊಳ್ಳಬೇಕು. ಬಿಳಿ ತುಪ್ಪಳದಲ್ಲಿ ನಾಲ್ಕು ಕಪ್ಪು ಎಳೆ ಸೇರಿದರೂ ಬೆಲೆ ಬಿತ್ತು. ಬೆನ್ನು-ಪಕ್ಕೆಯದು ಒಂದು ಚೀಲ, ಕುತ್ತಿಗೆಯದು ಇನ್ನೊಂದು, ಕಾಲು-ಹೊಟ್ಟೆಯ ಒರಟಿನದು ಮತ್ತೊಂದು. ಒಂದು ಪ್ರಾಣಿಯಿಂದ ಎಲ್ಲ ಸೇರಿ ಎರಡರಿಂದ ನಾಲ್ಕು ಕಿಲೋ. ಕುರಿಯುಣ್ಣೆಯ ಜಿಡ್ಡು ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ತೊಳೆದಾಗ ತೂಕ ಹೆಚ್ಚು ಇಳಿಯುವುದಿಲ್ಲ. ಪೆರುವಿನಲ್ಲಿ 22 ಸಹಜ ಬಣ್ಣಗಳನ್ನು ಗುರುತಿಸುತ್ತಾರೆ.

ಬೆಲೆ ನಿಂತಿರುವುದು ಎಳೆಯ ದಪ್ಪದ ಮೇಲೆ. ಪೆರುವಿನ ಮಾನದಂಡದಲ್ಲಿ 23 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮತ್ತು ಅದಕ್ಕಿಂತ ತೆಳುವಾದದ್ದು ‘ಬೇಬಿ ಅಲ್ಪಾಕಾ’. ಅಂಗಡಿಯ ಶಾಲಿನ ಮೇಲೆ ಈ ಚೀಟಿ ನೋಡಿ ಮರಿಯ ಉಣ್ಣೆ ಎಂದುಕೊಳ್ಳುತ್ತಾರೆ; ಅದು ನಯದ ದರ್ಜೆ, ವಯಸ್ಸಲ್ಲ. ಹತ್ತು ವರ್ಷದ ಪ್ರಾಣಿಯ ಬೆನ್ನಿನದೂ ಬೇಬಿ ಆಗಬಹುದು. ಆದರೆ ವಯಸ್ಸಾದಂತೆ, ಮೇವು ಹೆಚ್ಚಾದಂತೆ ಎಳೆ ದಪ್ಪವಾಗುತ್ತದೆ. 30 ಮೈಕ್ರಾನ್ ದಾಟಿದ ಎಳೆ ಚರ್ಮಕ್ಕೆ ಚುಚ್ಚುತ್ತದೆ, ಅದು ರಗ್ಗಿಗೆ, ಜಮಖಾನೆಗೆ. ಅರೆಕಿಪಾ ನಗರದ ಗಿರಣಿಗಳಲ್ಲಿ ಇಂದಿಗೂ ಹೆಂಗಸರು ಬೆರಳ ತುದಿಯಿಂದ ಮುಟ್ಟಿ ದರ್ಜೆ ಬೇರ್ಪಡಿಸುತ್ತಾರೆ. ಲಾಭವೆಲ್ಲ ಆ ಬೇರ್ಪಡಿಕೆಯಲ್ಲಿದೆ. ಗುಡ್ಡದ ಮೇಲಿನ ರೈತ ದರ್ಜೆ ಮಾಡದೆ ಒಟ್ಟಾರೆ ತೂಕಕ್ಕೆ ಮಾರುತ್ತಾನೆ, ಆದ್ದರಿಂದ ನಯವಾದದ್ದಕ್ಕೂ ಒರಟಿಗೂ ಒಂದೇ ದರ. ಚಳ್ಳಕೆರೆಯ ಕಂಬಳಿ ನೇಯುವವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೆರುವಿನ ಹೊರಗೆ ಈ ಪ್ರಾಣಿಯಿಂದ ಹಣವಾದದ್ದು ಬಹಳ ಕಾಲ ಉಣ್ಣೆಯಿಂದಲ್ಲ, ಪ್ರಾಣಿಯನ್ನೇ ಮಾರಿದ್ದರಿಂದ. ಚಾರ್ಲ್ಸ್ ಲೆಡ್ಜರ್ ಎಂಬಾತ 1858ರಲ್ಲಿ ಇನ್ನೂರಕ್ಕೂ ಹೆಚ್ಚು ಅಲ್ಪಾಕಾ-ಲಾಮಾಗಳನ್ನು ಕದ್ದುಮುಚ್ಚಿ ಆಂಡಿಸ್ ದಾಟಿಸಿ ಸಿಡ್ನಿಗೆ ಇಳಿಸಿದ. ಕೆಲವೇ ವರ್ಷಗಳಲ್ಲಿ ಆ ಪ್ರಯತ್ನ ಮುಗಿಯಿತು. (ಮುಂದೆ ಕ್ವಿನೈನಿಗಾಗಿ ಡಚ್ಚರಿಗೆ ಸಿಂಕೋನಾ ಬೀಜ ಮಾರಿದವನೂ ಇವನೇ, ಅದು ಫಲಿಸಿತು.) ಅಮೆರಿಕಕ್ಕೆ 1984ರಿಂದ ಆಮದಾದಾಗ ಒಂದೊಂದು ತಳಿ ಹೆಣ್ಣಿಗೆ ಹತ್ತಾರು ಸಾವಿರ ಡಾಲರು ಹತ್ತಿತು. ಕೊಂಡವರು ಅದರ ಮರಿಯನ್ನು ಮುಂದಿನ ಹೊಸಬರಿಗೆ ಮಾರುತ್ತಿದ್ದರು. ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೃಷಿ ಅರ್ಥಶಾಸ್ತ್ರಜ್ಞರು ಉಣ್ಣೆಯ ಆದಾಯಕ್ಕೂ ಈ ಬೆಲೆಗೂ ಸಂಬಂಧವೇ ಇಲ್ಲ, ಇದು ಗುಳ್ಳೆ ಎಂದು ಆಗಲೇ ಬರೆದರು. ಗುಳ್ಳೆ ಒಡೆದ ಮೇಲೆ ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲದ ಸ್ಥಿತಿ ಹಲವು ಕಡೆ ಬಂತು. ಎಮು ಸಾಕಣೆಯ ಹೆಸರಿನಲ್ಲಿ ನಮ್ಮಲ್ಲಿ ಜನ ಹಣ ಕಳೆದುಕೊಂಡದ್ದನ್ನು ನೆನಪಿಟ್ಟುಕೊಂಡವರಿಗೆ ಲೆಕ್ಕ ಬೇಗ ಹತ್ತುತ್ತದೆ: ಮೂರು ಕಿಲೋ ಉಣ್ಣೆ ಒಂದು ಕಡೆ, ವರ್ಷದ ಮೇವು, ಲಸಿಕೆ, ಕತ್ತರಿಸುವವನ ಕೂಲಿ ಇನ್ನೊಂದು ಕಡೆ.

ಈಗ ಕರ್ನಾಟಕದ ಪ್ರಶ್ನೆ. ಹೊರದೇಶದಿಂದ ಜೀವಂತ ಪ್ರಾಣಿ ತರುವುದು 1898ರ ಜಾನುವಾರು ಆಮದು ಕಾಯ್ದೆಯಡಿ ಅನುಮತಿ ಮತ್ತು ಕ್ವಾರಂಟೈನ್‌ಗೆ ಒಳಪಟ್ಟದ್ದು; ಅಂಚೆಯಲ್ಲಿ ತರಿಸುವ ವಸ್ತುವಲ್ಲ. ಅದು ಒತ್ತಟ್ಟಿಗಿರಲಿ, ಹವೆಯೇ ಒಪ್ಪುವುದಿಲ್ಲ. ಸಾಕುವವರು ಬಳಸುವ ಸುಲಭ ಲೆಕ್ಕವೊಂದಿದೆ: ಫ್ಯಾರನ್‌ಹೀಟ್ ಉಷ್ಣತೆಗೆ ಗಾಳಿಯ ತೇವಾಂಶದ ಶೇಕಡಾವಾರನ್ನು ಕೂಡಿಸಿ. 120ರ ಒಳಗಿದ್ದರೆ ನಿಶ್ಚಿಂತೆ, 150 ದಾಟಿದರೆ ಎಚ್ಚರ, 180 ಎಂದರೆ ಅಪಾಯ. ಮಂಗಳೂರಿನಲ್ಲಿ 33 ಡಿಗ್ರಿ ಸೆಲ್ಸಿಯಸ್ ಎಂದರೆ 91. ತೇವಾಂಶ 75 ಸೇರಿದರೆ 166. ಅದೂ ಒಂದು ದಿನವಲ್ಲ, ತಿಂಗಳುಗಟ್ಟಲೆ. ಕಲಬುರಗಿಯ ಮೇ ತಿಂಗಳಲ್ಲಿ ಲೆಕ್ಕ ಮೋಸ ಮಾಡುತ್ತದೆ. 42 ಡಿಗ್ರಿ ಎಂದರೆ 108, ತೇವಾಂಶ 20, ಒಟ್ಟು 128 ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಗಾಳಿಯೇ ಪ್ರಾಣಿಯ ಮೈಯ 38 ಡಿಗ್ರಿಗಿಂತ ಬಿಸಿಯಾಗಿದ್ದರೆ ಶಾಖ ಹೋಗುವುದೆಲ್ಲಿಗೆ? ಮಲೆನಾಡಿನಲ್ಲಿ ತಂಪಿದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಪ್ಪಳ ಒಣಗುವುದಿಲ್ಲ, ಹುಳುವಿಗೆ ಸುಗ್ಗಿ. ಬೆಂಗಳೂರು-ಕೋಲಾರದ ಬಯಲಿನಲ್ಲಿ ಬೇಕಾದರೆ ನೆರಳು, ಫ್ಯಾನು, ನೀರಿನೊಂದಿಗೆ ಜೀವ ಹಿಡಿಸಬಹುದು. ಅಲ್ಲೂ ಬೇಸಿಗೆಯ ಶಾಖಕ್ಕೆ ಗಂಡಿನ ವೀರ್ಯ ಕೆಡುತ್ತದೆ, ಹಿಂಡು ಬೆಳೆಯುವುದಿಲ್ಲ.

ಬಿಸಿಲು ಏರುವ ಯಾವುದೇ ಊರಿನಲ್ಲಿ ಸಾಕುವವರಿಗೆ ಒಂದು ಮಾತು. ಪ್ರಾಣಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಕೆಳತುಟಿ ಜೋತಿದ್ದರೆ, ಗುದದ ಉಷ್ಣತೆ 40 ಡಿಗ್ರಿ ದಾಟಿದ್ದರೆ ಬೆನ್ನ ಮೇಲೆ ಕೊಡಗಟ್ಟಲೆ ನೀರು ಸುರಿಯಬೇಡಿ. ಒದ್ದೆಯಾದ ತುಪ್ಪಳ ಒದ್ದೆ ಕಂಬಳಿಯ ಹಾಗೆ ಶಾಖವನ್ನು ಒಳಗೇ ಕೂಡಿಹಾಕುತ್ತದೆ. ತುಪ್ಪಳವಿಲ್ಲದ ಜಾಗಗಳಾದ ಹೊಟ್ಟೆಯಡಿ, ಕಂಕುಳು, ತೊಡೆಯ ಒಳಭಾಗಕ್ಕೆ ತಣ್ಣೀರು ಹಾಯಿಸಿ, ಫ್ಯಾನು ಇಡಿ. ಆಮೇಲೆ ವೈದ್ಯರಿಗೆ ಫೋನು ಮಾಡಿ.

ಕೊನೆಗೆ ಪತ್ರಿಕೆಯವರಿಗೇ ಒಂದು ಬಿನ್ನಹ. ಲಾಮಾದ ಚಿತ್ರದ ಕೆಳಗೆ ಅಲ್ಪಾಕಾ ಎಂದು ಅಚ್ಚಾಗುವುದು ಎಲ್ಲ ಭಾಷೆಯ ಪತ್ರಿಕೆಗಳಲ್ಲೂ ಇದೆ. ಲಾಮಾ 130 ಕಿಲೋ ದಾಟುವ ಹೊರೆಯ ಪ್ರಾಣಿ, ಉದ್ದ ಮೂತಿ, ಚಪ್ಪಟೆ ಬೆನ್ನು. ಅಲ್ಪಾಕಾ ಅದರ ಅರ್ಧದಷ್ಟು. ಗಿಡ್ಡ ಮೂತಿ, ಹಣೆಯ ಮೇಲೆ ತುಪ್ಪಳದ ಗೊಂಚಲು, ಬಾಲದ ಕಡೆಗೆ ಇಳಿಬಿದ್ದ ಬೆನ್ನು. ಚಿತ್ರದಲ್ಲಿ ಬರೀ ತಲೆ ಕಂಡರೆ ಕಿವಿ ನೋಡಿ. ಬಾಳೆಹಣ್ಣಿನಂತೆ ಒಳಬಾಗಿದ ಉದ್ದ ಕಿವಿಯಾದರೆ ಲಾಮಾ. ಈಟಿಯ ಮೊನೆಯಂಥ ಪುಟ್ಟ ಕಿವಿಯಾದರೆ ಅಲ್ಪಾಕಾ.

ಇಂತಿ,
ಪಶುವೈದ್ಯಕ್ಕೆ ಸೇರಿದ ಕೆಲವು ಓದುಗರು